ಬಿಸಿಯ ಲೆಕ್ಕ ಯಾರ ಹೆಸರಿಗೆ? ಹವಾಮಾನ ಬದಲಾವಣೆಯ ಕಾರಣವನ್ನು ಹಂತ ಹಂತವಾಗಿ ಹುಡುಕುವ ಬಗೆ

ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ಕಾಫಿ ತೋಟ ಇದೆ. ಆ ಮನೆಯ ಕಪಾಟಿನಲ್ಲಿ ಮೂವತ್ತೈದು ವರ್ಷದ ಮಳೆ ಲೆಕ್ಕ ಇದೆ. ಎಲ್ಲಾ ಹಳೆ ಡೈರಿಗಳು. ದಿನಾ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಅದರ ಹಿಂದೆ ಬೇಕಾದ ಬ್ಯಾಕಿಂಗ್ ಮಳೆ ಯಾವತ್ತು ಬಂತು, ಎಲ್ಲವೂ ಅದರಲ್ಲಿ ಸಿಗುತ್ತದೆ. ಹೋದ ಬೇಸಿಗೆಯಲ್ಲಿ ನಾನು ಆ ಡೈರಿಗಳನ್ನು ತಿರುವುತ್ತಾ ಕೂತಿದ್ದೆ. ಚಿಕ್ಕಪ್ಪ ಕೇಳಿದರು: "ಮಳೆ ಬಿಸಿಲು ಹೆಚ್ಚುಕಮ್ಮಿ ಆಗೋದು ನಮ್ಮಜ್ಜನ ಕಾಲದಿಂದ್ಲೂ ಇದೆ ಕಣೋ. ಹಿಮಯುಗ ಬಂತು, ಹೋಯ್ತು. ಆಗ ಯಾವ ಫ್ಯಾಕ್ಟರಿ ಇತ್ತು? ಈಗಿನದು ಮಾತ್ರ ಮನುಷ್ಯನದ್ದೇ ಕೆಲಸ ಅಂತ ಹ್ಯಾಗೆ ಹೇಳ್ತಾರೆ?"

"ವಿಜ್ಞಾನಿಗಳೆಲ್ಲಾ ಒಪ್ಪಿದ್ದಾರೆ ಚಿಕ್ಕಪ್ಪ" ಅಂದೆ. ಅವರು ನಕ್ಕರು. ನಗಬೇಕಾದ್ದೇ. ಯಾರು ಒಪ್ಪಿದರು ಅಂತ ಅವರು ಕೇಳಿರಲಿಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿದ್ದರು.

ಅವತ್ತು ಕೊಡಬೇಕಾಗಿದ್ದ ಉತ್ತರ ಇದು. ಒಂದು ಹಾಳೆ, ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ಅರ್ಧದಷ್ಟು ಕೆಲಸ ನೀವೇ ಮಾಡಬಹುದು.

ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ

ಇಲ್ಲಿರುವುದು ಎರಡು ಪ್ರಶ್ನೆ. ತೋಟದ ಬಾವಿಯಲ್ಲಿ ನೀರು ಇಳಿದಿದೆ ಅಂದುಕೊಳ್ಳಿ. ಪ್ರತಿ ಬೇಸಿಗೆಯಲ್ಲೂ ಇಳಿಯುತ್ತದೆ. ಈ ಸಲದ ಇಳಿತ ಮಾಮೂಲಿಗಿಂತ ಜಾಸ್ತಿಯೇ? ಇದು ಒಂದನೇ ಪ್ರಶ್ನೆ. ಹೌದಾದರೆ, ಮಳೆ ಕಮ್ಮಿಯಾಗಿ ಇಳಿಯಿತೋ, ಪಕ್ಕದವರು ಹೊಸ ಬೋರ್ ಹಾಕಿಸಿದ್ದಕ್ಕೆ ಇಳಿಯಿತೋ? ಇದು ಎರಡನೆಯದು. ವಿಜ್ಞಾನಿಗಳು ಮೊದಲನೆಯದನ್ನು ಪತ್ತೆ ಅನ್ನುತ್ತಾರೆ, ಎರಡನೆಯದನ್ನು ಕಾರಣ ಹಚ್ಚುವುದು ಅನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು.

"ಹಿಂದೆ ಬರಗಾಲದಲ್ಲೂ ಈ ಬಾವಿ ಬತ್ತಿತ್ತು" ಅಂತ ಯಾರಾದರೂ ಹೇಳಿದರೆ ಅದು ನಿಜವೇ ಇರಬಹುದು. ಆದರೆ ಅಷ್ಟಕ್ಕೇ ಈ ವರ್ಷದ ಬೋರಿನ ಮೇಲಿನ ಅನುಮಾನ ಹೋಗುವುದಿಲ್ಲ. ಹಿಮಯುಗದ ಮಾತೂ ಹಾಗೆಯೇ. ಅದರ ಕಾರಣ ಏನು, ಈಗ ಆ ಕಾರಣ ಕೆಲಸ ಮಾಡುತ್ತಿದೆಯೇ ಅಂತ ನೋಡಬೇಕು. ಮುಂದೆ ನೋಡೋಣ.

ಹಂತ 1: ನಿಜವಾಗಿಯೂ ಬಿಸಿಯಾಗಿದೆಯೇ?

ಇಲ್ಲಿ ನಮ್ಮವರು ಒಂದು ತಪ್ಪು ಮಾಡುತ್ತಾರೆ. "ಬೆಂಗಳೂರಲ್ಲಿ ಆಗ ಫ್ಯಾನೇ ಬೇಕಿರಲಿಲ್ಲ, ಈಗ ನೋಡಿ" ಅಂತ ಶುರು ಮಾಡುತ್ತಾರೆ. ದಯವಿಟ್ಟು ಇದನ್ನು ಪುರಾವೆಯಾಗಿ ಬಳಸಬೇಡಿ. ಕೆರೆ ಮುಚ್ಚಿ, ಮರ ಕಡಿದು, ಕಾಂಕ್ರೀಟ್ ಸುರಿದರೆ ಯಾವ ಊರಾದರೂ ಬಿಸಿಯಾಗುತ್ತದೆ. ಅದೂ ಮನುಷ್ಯನ ಕೆಲಸವೇ, ಆದರೆ ನಾವು ಕೇಳುತ್ತಿರುವ ಪ್ರಶ್ನೆ ಅದಲ್ಲ.

ಇದೇ ಅನುಮಾನ ಅಮೆರಿಕದ ಬರ್ಕ್ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಅವರಿಗೂ ಇತ್ತು. ನಗರದ ಥರ್ಮಾಮೀಟರ್‌ಗಳಿಂದ ಲೆಕ್ಕ ಕೆಟ್ಟಿರಬಹುದು ಅಂತ ಅವರು ಎಲ್ಲಾ ದಾಖಲೆಗಳನ್ನೂ ಹೊಸದಾಗಿ ಲೆಕ್ಕ ಹಾಕಿಸಿದರು. ಬಂದ ಉತ್ತರ ಹಳೆಯದೇ. 2012ರಲ್ಲಿ ಅವರು ತಮ್ಮ ಅಭಿಪ್ರಾಯ ಬದಲಾಗಿದೆ ಅಂತ ಬಹಿರಂಗವಾಗಿ ಬರೆದರು. ಅಷ್ಟು ದೂರ ಹೋಗುವುದೂ ಬೇಡ. ಸಮುದ್ರದ ಮಧ್ಯೆ ಕಾಂಕ್ರೀಟ್ ಇಲ್ಲ, ಆದರೂ ಸಮುದ್ರ ಬಿಸಿಯಾಗಿದೆ. ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿದ ಶಾಖದಲ್ಲಿ ನೂರಕ್ಕೆ ತೊಂಬತ್ತರಷ್ಟು ಸೇರಿರುವುದು ಸಮುದ್ರಕ್ಕೇ.

ಒಟ್ಟು ಏರಿಕೆ: 1850–1900ರ ಸರಾಸರಿಗೆ ಹೋಲಿಸಿದರೆ 2010–2019ರ ದಶಕ ಸುಮಾರು 1.06 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿ. ಈ ಸಂಖ್ಯೆಯನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಕೊನೆಗೆ ಬೇಕಾಗುತ್ತದೆ.

ಹಂತ 2: ಗಾಳಿಗೆ ಸೇರಿದ ಇಂಗಾಲ ಯಾರದ್ದು?

ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಯಾಕೆಂದರೆ ಇದು ಅಪ್ಪಟ ಅಂಗಡಿ ಲೆಕ್ಕ.

ದಕ್ಷಿಣ ಧ್ರುವದ ಮಂಜುಗಡ್ಡೆಯೊಳಗೆ ಹಳೆಯ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡಿವೆ. ಕೊರೆದು ತೆಗೆದು ಅಳೆದಾಗ ಎಂಟು ಲಕ್ಷ ವರ್ಷದ ಲೆಕ್ಕ ಸಿಕ್ಕಿತು. ಅಷ್ಟೂ ಕಾಲ ಕಾರ್ಬನ್ ಡೈಆಕ್ಸೈಡ್ 180ರಿಂದ 300 ಪಿಪಿಎಂ ನಡುವೆಯೇ ಆಡುತ್ತಿತ್ತು. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಅಂತ. ಕೈಗಾರಿಕೆಗಳು ಬರುವ ಮೊದಲು ಅದು ಸುಮಾರು 280 ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಇಡೀ ವಾಯುಗೋಳದಲ್ಲಿ 1 ಪಿಪಿಎಂ ಏರಲು ಸುಮಾರು 780 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬೇಕು. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್, ಸಿಮೆಂಟ್ ಎಲ್ಲಾ ಸೇರಿ ನಾವು ವರ್ಷಕ್ಕೆ ಬಿಡುವುದು ಸುಮಾರು 3,700 ಕೋಟಿ ಟನ್. ಕಾಡು ಕಡಿಯುವುದು ಮುಂತಾದವುಗಳಿಂದ ಇನ್ನೊಂದು 400 ಕೋಟಿ. ಒಟ್ಟು 4,100 ಕೋಟಿಯನ್ನು 780 ಕೋಟಿಯಿಂದ ಭಾಗಿಸಿ. ಐದಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅಂದರೆ ನಾವು ಬಿಟ್ಟದ್ದೆಲ್ಲಾ ಗಾಳಿಯಲ್ಲೇ ಉಳಿದರೆ ವರ್ಷಕ್ಕೆ 5 ಪಿಪಿಎಂ ಏರಬೇಕು. ನಿಜವಾಗಿ ಏರುತ್ತಿರುವುದು ಸುಮಾರು ಎರಡೂವರೆ.

ಉಳಿದ ಅರ್ಧ ಎಲ್ಲಿ ಹೋಯಿತು? ಮರಗಿಡಗಳೂ ಸಮುದ್ರವೂ ಹೀರಿಕೊಂಡವು. ಇಲ್ಲೇ ನೋಡಿ, ಒಂದು ದೊಡ್ಡ ವಾದ ಬಿದ್ದುಹೋಗುತ್ತದೆ. "ಪ್ರಕೃತಿಯೇ ಮನುಷ್ಯನಿಗಿಂತ ಎಷ್ಟೋ ಪಟ್ಟು ಜಾಸ್ತಿ ಕಾರ್ಬನ್ ಬಿಡುತ್ತದೆ" ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ಆದರೆ ಅದು ಬರೀ ಖರ್ಚಿನ ಪುಟ. ಜಮಾ ಪುಟವನ್ನೂ ನೋಡಬೇಕು. ಪ್ರಕೃತಿ ಬಿಡುವುದಕ್ಕಿಂತ ಜಾಸ್ತಿ ವಾಪಸ್ ತೆಗೆದುಕೊಳ್ಳುತ್ತಿದೆ. ನೀವು ದಿನಾ ಗಲ್ಲಾ ಪೆಟ್ಟಿಗೆಗೆ ಐದು ರೂಪಾಯಿ ಹಾಕುತ್ತೀರಿ. ಅಂಗಡಿಯವನು ಇಡೀ ದಿನ ಅದೇ ಪೆಟ್ಟಿಗೆಯಿಂದ ನೂರು ತೆಗೆಯುತ್ತಾನೆ, ತೊಂಬತ್ತೇಳೂವರೆ ಹಾಕುತ್ತಾನೆ. ಸಂಜೆ ಪೆಟ್ಟಿಗೆಯಲ್ಲಿ ಎರಡೂವರೆ ರೂಪಾಯಿ ಜಾಸ್ತಿ ಇದ್ದರೆ ಅದು ಯಾರ ದುಡ್ಡು? ಅಂಗಡಿಯವನದ್ದಂತೂ ಅಲ್ಲ, ಅಲ್ವಾ?

ಲೆಕ್ಕದಲ್ಲಿ ನಂಬಿಕೆ ಇಲ್ಲದವರಿಗೆ ಇನ್ನೂ ಮೂರು ಗುರುತುಗಳಿವೆ.

ಮೊದಲನೆಯದು ಕಾರ್ಬನ್-14. ಇದು ವಾಯುಗೋಳದಲ್ಲಿ ಹುಟ್ಟುವ ವಿಕಿರಣ ಇಂಗಾಲ. ಪ್ರತಿ 5,730 ವರ್ಷಕ್ಕೆ ಅರ್ಧ ಆಗುತ್ತಾ ಹೋಗುತ್ತದೆ. ಕೋಟ್ಯಂತರ ವರ್ಷ ನೆಲದೊಳಗಿದ್ದ ಕಲ್ಲಿದ್ದಲಿನಲ್ಲಿ ಅದು ಒಂದಿಷ್ಟೂ ಉಳಿದಿಲ್ಲ. ಅದನ್ನು ಸುಟ್ಟರೆ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗಬೇಕು. ಹಾಲಿಗೆ ನೀರು ಬೆರೆಸಿದ ಹಾಗೆ. ಹಾನ್ಸ್ ಸ್ಯೂಸ್ 1955ರಲ್ಲಿ ಮರದ ಉಂಗುರಗಳನ್ನು ಪರೀಕ್ಷಿಸಿ ಇದನ್ನು ತೋರಿಸಿದರು. (ಆಮೇಲಿನ ವರ್ಷಗಳಲ್ಲಿ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ಕಾರ್ಬನ್-14 ಅನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಲೆಕ್ಕ ಕಲಸಿಬಿಟ್ಟವು. ಅದನ್ನು ಕಳೆದು ನೋಡಬೇಕು.)

ಎರಡನೆಯದು ಕಾರ್ಬನ್-13. ಗಿಡಗಳಿಗೆ ಹಗುರವಾದ ಕಾರ್ಬನ್-12 ಇಷ್ಟ. ಹಾಗಾಗಿ ಗಿಡದಲ್ಲಿ, ಗಿಡದಿಂದಲೇ ಆದ ಕಲ್ಲಿದ್ದಲಿನಲ್ಲಿ ಕಾರ್ಬನ್-13 ಕಮ್ಮಿ. ಗಾಳಿಯಲ್ಲೂ ಅದರ ಪಾಲು ಇಳಿಯುತ್ತಾ ಬಂದಿದೆ. ಜ್ವಾಲಾಮುಖಿಯಿಂದ ಬಂದಿದ್ದರೆ ಹೀಗೆ ಇಳಿಯುತ್ತಿರಲಿಲ್ಲ. ಅಂದಹಾಗೆ ಜ್ವಾಲಾಮುಖಿಗಳೆಲ್ಲಾ ಸೇರಿ ಬಿಡುವುದು ವರ್ಷಕ್ಕೆ 100 ಕೋಟಿ ಟನ್ನಿಗೂ ಕಮ್ಮಿ. ನಮ್ಮ 4,100 ಕೋಟಿಯ ಮುಂದೆ ಅದು ಚಿಲ್ಲರೆ.

ಮೂರನೆಯದು ಆಮ್ಲಜನಕ. ಏನನ್ನೇ ಸುಟ್ಟರೂ ಆಮ್ಲಜನಕ ಖರ್ಚಾಗುತ್ತದೆ. ಚಾರ್ಲ್ಸ್ ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ ಇದನ್ನು ಅಳೆಯುವ ಸೂಕ್ಷ್ಮ ವಿಧಾನ ಕಂಡುಹಿಡಿದರು. ಗಾಳಿಯಲ್ಲಿ ಆಮ್ಲಜನಕ ಇಳಿಯುತ್ತಿದೆ. ಉಸಿರಾಟಕ್ಕೆ ತೊಂದರೆಯಾಗುವಷ್ಟಲ್ಲ, ತೀರಾ ಸಣ್ಣ ಇಳಿತ. ಆದರೆ ಏನೋ ಉರಿಯುತ್ತಿದೆ ಅಂತ ಹೇಳಲು ಅಷ್ಟು ಸಾಕು. ಸಮುದ್ರ ಬಿಸಿಯಾಗಿ ಸೋಡಾದ ಹಾಗೆ ಅನಿಲ ಬಿಡುತ್ತಿದೆ ಅನ್ನುವವರಿಗೂ ಇಲ್ಲೇ ಉತ್ತರ ಇದೆ. ಬಿಡುತ್ತಿದ್ದರೆ ಸಮುದ್ರದ ನೀರಿನ ಆಮ್ಲೀಯತೆ ಕಮ್ಮಿಯಾಗಬೇಕಿತ್ತು. ಅದು ಜಾಸ್ತಿಯಾಗುತ್ತಿದೆ. ಸಮುದ್ರ ಕುಡಿಯುತ್ತಿದೆ, ಕಕ್ಕುತ್ತಿಲ್ಲ.

ಹಂತ 3: ಆ ಅನಿಲಕ್ಕೆ ಬಿಸಿ ಹಿಡಿಯುವ ಶಕ್ತಿ ಇದೆಯೇ?

ಇದೆ. ಇದು ಹಳೇ ಭೌತವಿಜ್ಞಾನ, ಜಾಸ್ತಿ ಹೊತ್ತು ನಿಲ್ಲಬೇಕಿಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬಿಸಿಯಾಗುತ್ತದೆ ಅಂತ ತೋರಿಸಿದರು. 1859ರಲ್ಲಿ ಜಾನ್ ಟಿಂಡಲ್ ಇಂಥ ಅನಿಲಗಳು ಶಾಖದ ಕಿರಣಗಳನ್ನು ಹೀರುವುದನ್ನು ಅಳೆದರು. 1896ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ ಎಷ್ಟು ಅನಿಲಕ್ಕೆ ಎಷ್ಟು ಡಿಗ್ರಿ ಅಂತ ಕೈಯಲ್ಲೇ ಲೆಕ್ಕ ಹಾಕಿದರು. ಆಗ ಭೂಮಿ ಇಷ್ಟು ಬಿಸಿಯಾಗಿರಲೂ ಇಲ್ಲ. ಅಂದರೆ ಬಿಸಿಯಾದ ಮೇಲೆ ಕಾರಣ ಹೊಂದಿಸಿದ್ದಲ್ಲ, ಕಾರಣ ಮೊದಲೇ ಗೊತ್ತಿತ್ತು.

ಪ್ರಯೋಗಾಲಯ ಬೇರೆ, ಆಕಾಶ ಬೇರೆ ಅನ್ನುತ್ತೀರಾ? 1970ರಲ್ಲಿ ಒಂದು ಉಪಗ್ರಹ, 1997ರಲ್ಲಿ ಇನ್ನೊಂದು ಉಪಗ್ರಹ ಭೂಮಿಯಿಂದ ಹೊರಹೋಗುವ ಶಾಖದ ಕಿರಣಗಳನ್ನು ಅಳೆದಿದ್ದವು. 2001ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕಾರ್ಬನ್ ಡೈಆಕ್ಸೈಡ್ ಮತ್ತು ಮೀಥೇನ್ ಹೀರುವ ಅಲೆಗಳಲ್ಲೇ ಹೊರಹೋಗುವ ಶಾಖ ಕಮ್ಮಿಯಾಗಿತ್ತು.

ಹಂತ 4: ಬೇರೆ ಕಾರಣಗಳನ್ನೂ ಕರೆದು ವಿಚಾರಿಸಿ

ಒಬ್ಬನ ಮೇಲೆ ಅನುಮಾನ ಬಂದ ಕೂಡಲೇ ಅವನೇ ಅಂತ ತೀರ್ಮಾನ ಮಾಡಬಾರದು. ಉಳಿದವರನ್ನೂ ಕೇಳಬೇಕು.

ಸೂರ್ಯ. ಮೊದಲು ಎಲ್ಲರಿಗೂ ಬರುವ ಹೆಸರು. 1978ರಿಂದ ಉಪಗ್ರಹಗಳು ಸೂರ್ಯನ ಬೆಳಕನ್ನು ಅಳೆಯುತ್ತಿವೆ. ಹನ್ನೊಂದು ವರ್ಷಕ್ಕೊಮ್ಮೆ ಅದು ಸಾವಿರಕ್ಕೆ ಒಂದು ಪಾಲಿನಷ್ಟು ಏರಿ ಇಳಿಯುತ್ತದೆ. ಇಷ್ಟು ದಶಕಗಳಲ್ಲಿ ಒಟ್ಟಾರೆ ಏರಿಕೆ ಇಲ್ಲ. ಅದಕ್ಕೂ ಹಿಂದಿನದನ್ನು ಸೂರ್ಯನ ಕಲೆಗಳಿಂದ ಅಂದಾಜು ಮಾಡುತ್ತಾರೆ. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಕ್ಕೂ ಮೀರಿದ ಸೂರ್ಯನ ಚಿತ್ರಗಳಿವೆ. 2008ರ ಕೊನೆಯಿಂದ 2019ರವರೆಗಿನ ಸೂರ್ಯಚಕ್ರ ಸುಮಾರು ನೂರು ವರ್ಷದಲ್ಲೇ ಸಪ್ಪೆ. ದಾಖಲೆ ಬಿಸಿಯ ವರ್ಷಗಳು ಬಂದದ್ದು ಅದೇ ಹೊತ್ತಿನಲ್ಲಿ.

ಭೂಮಿಯ ಕಕ್ಷೆ. ಚಿಕ್ಕಪ್ಪನ ಹಿಮಯುಗದ ಉತ್ತರ ಇಲ್ಲಿದೆ. ಭೂಮಿಯ ಓಲಾಟ, ವಾಲುವಿಕೆ, ಕಕ್ಷೆಯ ಆಕಾರ ನಿಧಾನಕ್ಕೆ ಬದಲಾಗುತ್ತವೆ. ಒಂದೊಂದು ಸುತ್ತಿಗೆ ಸುಮಾರು 26,000, 41,000, ಒಂದು ಲಕ್ಷ ವರ್ಷ ಬೇಕು. ಹಿಮಯುಗಗಳಿಗೆ ಚಾಲನೆ ಕೊಟ್ಟದ್ದು ಇದೇ. ಆದರೆ ಈಗಿನ ಏರಿಕೆ ನೂರೈವತ್ತು ವರ್ಷದ್ದು. ಜೊತೆಗೆ ಕಕ್ಷೆಯ ಲೆಕ್ಕದಲ್ಲಿ ಭೂಮಿ ಈಗ ತೀರಾ ನಿಧಾನವಾಗಿ ತಣ್ಣಗಾಗಬೇಕಿತ್ತು.

ಎಲ್ ನಿನೊ. ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಮುದ್ರದ ಮೇಲ್ಮೈ ಬಿಸಿಯಾಗುವುದು. ಇದು ಸಮುದ್ರದ ಶಾಖವನ್ನು ಗಾಳಿಗೆ ತರುತ್ತದೆ, ಹೊಸದಾಗಿ ಶಾಖ ಹುಟ್ಟಿಸುವುದಿಲ್ಲ. ಕಾರಣ ಇದೊಂದೇ ಆಗಿದ್ದರೆ ಗಾಳಿ ಬಿಸಿಯಾದಾಗ ಸಮುದ್ರ ತಣ್ಣಗಾಗಬೇಕಿತ್ತು. ಎರಡೂ ಬಿಸಿಯಾಗುತ್ತಿವೆ.

ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ಭೂಮಿಗೆ ಬಂದು ಬೀಳುವ ಸೂಕ್ಷ್ಮ ಕಣಗಳು. ಈ ಅನುಮಾನಕ್ಕೂ ಕನ್ನಡನಾಡಿಗೂ ಸಂಬಂಧ ಇದೆ. ಉಡುಪಿ ಕಡೆಯ ಅದಮಾರಿನವರು, ಇಸ್ರೋ ಅಧ್ಯಕ್ಷರಾಗಿದ್ದ ಯು. ಆರ್. ರಾವ್, ಕಾಸ್ಮಿಕ್ ಕಿರಣಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದವರು. 2011ರಲ್ಲಿ ಅವರು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಭೂಮಿಗೆ ಬರುವ ಕಾಸ್ಮಿಕ್ ಕಿರಣಗಳು ಕಮ್ಮಿಯಾದರೆ ಕೆಳಮಟ್ಟದ ಮೋಡ ಕಮ್ಮಿಯಾಗುತ್ತದೆ, ಆಗ ಬಿಸಿಲು ಜಾಸ್ತಿ ಬೀಳುತ್ತದೆ, ಬಿಸಿಯಲ್ಲಿ ದೊಡ್ಡದೊಂದು ಪಾಲು ಇದರದ್ದೇ ಇರಬಹುದು ಅನ್ನುವುದು ಅವರ ವಾದ. ದೊಡ್ಡ ವಿಜ್ಞಾನಿಯ ಮಾತು ಅಂತ ಉಳಿದ ವಿಜ್ಞಾನಿಗಳು ಒಪ್ಪಿಕೊಳ್ಳಲಿಲ್ಲ, ತಳ್ಳಿಯೂ ಹಾಕಲಿಲ್ಲ. ಪರೀಕ್ಷೆ ಮಾಡಿದರು. 1950ರ ದಶಕದಿಂದ ನೆಲದ ಮೇಲೆ ಈ ಕಿರಣಗಳನ್ನು ಅಳೆಯುತ್ತಿದ್ದಾರೆ. ಆ ದಾಖಲೆಯಲ್ಲಿ ಬಿಸಿಯ ಜೊತೆ ಹೊಂದುವ ಇಳಿಕೆ ಕಾಣುವುದಿಲ್ಲ. 2009ರಲ್ಲಂತೂ ಸೂರ್ಯ ಮಂಕಾಗಿ ಕಾಸ್ಮಿಕ್ ಕಿರಣಗಳು ಅಲ್ಲಿವರೆಗಿನ ದಾಖಲೆ ಮೀರಿ ಬಂದವು. ವಾದದ ಪ್ರಕಾರ ಮೋಡ ಜಾಸ್ತಿಯಾಗಿ ಭೂಮಿ ತಂಪಾಗಬೇಕಿತ್ತು. ಆಗಲಿಲ್ಲ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಕೃತಕ ಮೋಡದ ಕೋಣೆ ಕಟ್ಟಿ ನೋಡಿದಾಗಲೂ ಪರಿಣಾಮ ತೀರಾ ಸಣ್ಣದು ಅಂತ ಗೊತ್ತಾಯಿತು. ರಾವ್ ಅವರ ಪ್ರಶ್ನೆಯಿಂದ ನಷ್ಟವೇನೂ ಆಗಲಿಲ್ಲ ಅಂತ ನನ್ನ ಅನಿಸಿಕೆ. ಒಂದು ಅನುಮಾನ ಸರಿಯಾಗಿ ಬಗೆಹರಿಯಿತು.

ಹಂತ 5: ಹೆಜ್ಜೆ ಗುರುತು ನೋಡಿ

ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಎದ್ದು ತೋಟ ಸುತ್ತಿದರೆ ರಾತ್ರಿ ಬಂದದ್ದು ಯಾವ ಪ್ರಾಣಿ ಅಂತ ಹೇಳುತ್ತಾರೆ. ಬಾಳೆ ಸಿಗಿದು ಹಾಕಿದ್ದರೆ ಆನೆ. ನೆಲ ಉತ್ತ ಹಾಗೆ ಕೆದಕಿದ್ದರೆ ಹಂದಿ. ಹಾಳಾದದ್ದು ಎಷ್ಟು ಅನ್ನುವುದಕ್ಕಿಂತ ಯಾವ ಥರ ಹಾಳಾಗಿದೆ ಅನ್ನುವುದೇ ಮುಖ್ಯ.

ಹವಾಮಾನದಲ್ಲೂ ಒಂದೊಂದು ಕಾರಣ ಒಂದೊಂದು ಥರ ಗುರುತು ಬಿಡುತ್ತದೆ. ಸೂರ್ಯನೇ ಜಾಸ್ತಿ ಸುಡುತ್ತಿದ್ದರೆ ವಾಯುಗೋಳ ಕೆಳಗಿನಿಂದ ಮೇಲಿನವರೆಗೆ ಬಿಸಿಯಾಗಬೇಕು. ಕಾರ್ಬನ್ ಡೈಆಕ್ಸೈಡ್ ಆದರೆ ಕೆಳಗೆ ಬಿಸಿ, ಮೇಲೆ ಸ್ಟ್ರಾಟೋಸ್ಫಿಯರಿನಲ್ಲಿ (ಮೋಡಗಳಿಗೂ ಮೇಲಿರುವ ಗಾಳಿಯ ಪದರ) ತಂಪು. ಕಂಬಳಿ ಹೊದ್ದರೆ ಒಳಗೆ ಬೆಚ್ಚಗಾಗಿ ಹೊರಮೈ ತಣ್ಣಗಿರುವ ಹಾಗೆ. (ಹೋಲಿಕೆ ಪೂರ್ತಿ ಸರಿಯಲ್ಲ. ಮೇಲಿನ ತೆಳು ಗಾಳಿಯಲ್ಲಿ ಈ ಅನಿಲ ಶಾಖವನ್ನು ಬಾಹ್ಯಾಕಾಶಕ್ಕೆ ಎಸೆಯುವ ಕೆಲಸವನ್ನೂ ಮಾಡುತ್ತದೆ, ಅದೇ ಮುಖ್ಯ.) ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕಿ ಹೇಳಿದ್ದರು. ಆಮೇಲೆ ಬಲೂನು, ಉಪಗ್ರಹಗಳು ಅಳೆದಾಗ ಹಾಗೆಯೇ ಇತ್ತು. ಕೆಳಗೆ ಬಿಸಿ, ಮೇಲೆ ತಂಪು. ಅಲ್ಲಿನ ತಂಪಿಗೆ ಓಝೋನ್ ಕಮ್ಮಿಯಾದದ್ದೂ ಒಂದು ಕಾರಣ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಆನೆಯೂ ಹಂದಿಯೂ ಒಂದೇ ರಾತ್ರಿ ಬಂದರೂ ಗುರುತು ಬೇರೆ ಮಾಡಬಹುದು.

ಹಗಲಿಗಿಂತ ರಾತ್ರಿ ಜಾಸ್ತಿ ಬಿಸಿಯಾಗಿದೆ ಅನ್ನುವುದನ್ನೂ ಪುರಾವೆಯಾಗಿ ಹೇಳುತ್ತಾರೆ. ಕಳೆದ ಶತಮಾನದ ಎರಡನೇ ಅರ್ಧದಲ್ಲಿ ಅದು ನಿಜ. ಆದರೆ ಮೋಡ, ಹೊಗೆ ಕೂಡ ಹೀಗೆ ಮಾಡಬಲ್ಲವು. ಹಾಗಾಗಿ ನಾನು ಇದಕ್ಕೆ ಅಷ್ಟು ತೂಕ ಕೊಡುವುದಿಲ್ಲ. ಸ್ಟ್ರಾಟೋಸ್ಫಿಯರಿನ ಗುರುತೇ ಗಟ್ಟಿ.

ಗುರುತು ಹುಡುಕುವುದಕ್ಕೆ ಸರಿಯಾದ ಗಣಿತ ಕೊಟ್ಟವರು ಜರ್ಮನಿಯ ಕ್ಲಾಸ್ ಹಾಸೆಲ್ಮನ್, 1979ರಲ್ಲಿ. ಜಾತ್ರೆಯ ಗದ್ದಲದಲ್ಲಿ ಅಮ್ಮ ಕರೆದದ್ದು ನಿಮಗೆ ಹೇಗೆ ಕೇಳಿಸುತ್ತದೆ? ಆ ಧ್ವನಿ ಹೇಗಿರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಅವರು ಇನ್ನೂ ಒಂದು ಮಾತು ಸೇರಿಸಿದರು: ಧ್ವನಿ ಜೋರಾಗಿರುವ ಕಡೆಗಿಂತ ಗದ್ದಲ ಕಮ್ಮಿ ಇರುವ ಕಡೆ ಕಿವಿ ಇಡಿ. ಉತ್ತರ ಧ್ರುವದಲ್ಲಿ ಬಿಸಿ ಜಾಸ್ತಿ ಏರುತ್ತದೆ, ಆದರೆ ಅಲ್ಲಿ ವರ್ಷದಿಂದ ವರ್ಷಕ್ಕೆ ಏರಿಳಿತವೂ ವಿಪರೀತ. ನಮ್ಮಂಥ ಉಷ್ಣವಲಯದಲ್ಲಿ ಏರಿಕೆ ಕಮ್ಮಿ, ಏರಿಳಿತ ಇನ್ನೂ ಕಮ್ಮಿ. ಹಾಗಾಗಿ ಬದಲಾವಣೆ ಎದ್ದು ಕಾಣುವುದು ಇಲ್ಲೇ. 2021ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಮನಾಬೆ, ಹಾಸೆಲ್ಮನ್ ಇಬ್ಬರಿಗೂ ಪಾಲು ಬಂತು.

ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದ ವಿ. ರಾಮನಾಥನ್ ಕೂಡ 1980ರಲ್ಲಿ ರೋಲಂಡ್ ಮ್ಯಾಡನ್ ಜೊತೆ ಸೇರಿ ಒಂದು ಲೆಕ್ಕ ಹಾಕಿದ್ದರು. 2000ದ ಹೊತ್ತಿಗೆ ಈ ಗುರುತು ಗದ್ದಲದಿಂದ ಮೇಲೆದ್ದು ಕಾಣುತ್ತದೆ ಅಂತ. 2001ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿ ಹೆಚ್ಚುಕಡಿಮೆ ಅದನ್ನೇ ಹೇಳಿತು. ರಾಮನಾಥನ್ ಅವರ ಮೊದಲ ಕೆಲಸ ಸಿಕಂದರಾಬಾದಿನ ಒಂದು ಫ್ರಿಜ್ ಕಂಪನಿಯಲ್ಲಿ, ಅನಿಲ ಸೋರದ ಹಾಗೆ ನೋಡಿಕೊಳ್ಳುವುದು. 1975ರಲ್ಲಿ ಫ್ರಿಜ್ಜಿನ ಅದೇ ಸಿಎಫ್‌ಸಿ ಅನಿಲಗಳು ಭೂಮಿಯನ್ನು ಎಷ್ಟು ಜೋರಾಗಿ ಬಿಸಿ ಮಾಡುತ್ತವೆ ಅಂತ ತೋರಿಸಿದವರೂ ಅವರೇ.

ಹಂತ 6: ಮನುಷ್ಯ ಇಲ್ಲದ ಭೂಮಿ

ಗೊಬ್ಬರದ ಪರೀಕ್ಷೆ ಹೇಗೆ ಮಾಡುತ್ತೀರಿ? ಒಂದು ಪಟ್ಟೆಗೆ ಹಾಕಿ, ಪಕ್ಕದ ಪಟ್ಟೆಗೆ ಹಾಕದೆ ಬಿಡುತ್ತೀರಿ. ಭೂಮಿ ಇರುವುದು ಒಂದೇ. ಹಾಗಾಗಿ ಎರಡನೇ ಪಟ್ಟೆಯನ್ನು ಕಂಪ್ಯೂಟರಿನಲ್ಲಿ ಮಾಡಬೇಕು. ಗಾಳಿ, ಸಮುದ್ರ, ಮಂಜು, ಮಣ್ಣುಗಳ ಭೌತನಿಯಮಗಳನ್ನು ಬರೆದು 1850ರಿಂದ ಓಡಿಸುತ್ತಾರೆ. ಒಂದು ಓಟದಲ್ಲಿ ಸೂರ್ಯ, ಜ್ವಾಲಾಮುಖಿ ಮಾತ್ರ. ಇನ್ನೊಂದರಲ್ಲಿ ನಮ್ಮ ಅನಿಲ, ಹೊಗೆ ಕೂಡ. ಮೊದಲನೆಯದರಲ್ಲಿ ಗೆರೆ ಹೆಚ್ಚುಕಡಿಮೆ ಚಪ್ಪಟೆ. ಎರಡನೆಯದು ಥರ್ಮಾಮೀಟರಿನ ಗೆರೆಯ ಜೊತೆಗೇ ಏರುತ್ತದೆ.

"ಕಂಪ್ಯೂಟರಿಗೆ ಏನು ಹೇಳಿದರೂ ಕುಣಿಯುತ್ತದೆ" ಅನ್ನುವವರಿದ್ದಾರೆ. ಸರಿಯಾದ ಅನುಮಾನವೇ. ಮೊದಲೇ ಭವಿಷ್ಯ ಹೇಳಿಸಿ ನೋಡುವುದು ಅದಕ್ಕೆ ಉತ್ತರ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು. ನಾಸಾದ ಜೇಮ್ಸ್ ಹಾನ್ಸೆನ್ ತಂಡ ತಮ್ಮ ಕಂಪ್ಯೂಟರ್ ಮಾದರಿ ಓಡಿಸಿ, ಭೂಮಿ ಸುಮಾರು ಅರ್ಧ ಡಿಗ್ರಿ ತಂಪಾಗಿ ಕೆಲವು ವರ್ಷದಲ್ಲಿ ಮತ್ತೆ ಏರುತ್ತದೆ ಅಂತ 1992ರ ಶುರುವಿನಲ್ಲೇ ಪ್ರಕಟಿಸಿತು. ಹೆಚ್ಚುಕಡಿಮೆ ಹಾಗೆಯೇ ಆಯಿತು.

ಈಗ ನೀವು ಬರೆದಿಟ್ಟ ಸಂಖ್ಯೆ ನೋಡಿ. ಅಳೆದ ಏರಿಕೆ 1.06 ಡಿಗ್ರಿ. ಅದರಲ್ಲಿ ಮನುಷ್ಯನ ಪಾಲು ಎಷ್ಟು ಅಂತ 2021ರ ಐಪಿಸಿಸಿ ವರದಿ ಕೊಟ್ಟ ಅಂದಾಜು 1.07 ಡಿಗ್ರಿ, 0.8ರಿಂದ 1.3ರ ನಡುವೆ. ಸೂರ್ಯ, ಜ್ವಾಲಾಮುಖಿಗಳ ಪಾಲು ಆಚೆಗೆ 0.1, ಈಚೆಗೆ 0.1. ಅಂದರೆ ಸೊನ್ನೆಯ ಆಸುಪಾಸು. ಇನ್ನೊಂದು ವಿಚಿತ್ರ ನೋಡಿ. ಬಿಸಿ ಹಿಡಿಯುವ ಹಸಿರುಮನೆ ಅನಿಲಗಳು ಮಾತ್ರ ಇದ್ದಿದ್ದರೆ 1ರಿಂದ 2 ಡಿಗ್ರಿಯವರೆಗೂ ಏರುತ್ತಿತ್ತು. ನಾವೇ ಬಿಟ್ಟ ಹೊಗೆ, ಗಂಧಕದ ಕಣಗಳು ಬಿಸಿಲನ್ನು ತಡೆದು ಒಂದಿಷ್ಟು ಮುಚ್ಚಿಟ್ಟಿವೆ. 1901ರಿಂದ 2018ರವರೆಗೆ ಭಾರತ ಸುಮಾರು 0.7 ಡಿಗ್ರಿ ಮಾತ್ರ ಬಿಸಿಯಾಗಲು ಈ ಹೊಗೆಯೂ ಒಂದು ಕಾರಣ.

ಹಂತ 7: ಒಂದೇ ಮಳೆ, ಒಂದೇ ಸೆಕೆ

ಇಲ್ಲಿವರೆಗೆ ಇಡೀ ಭೂಮಿಯ ಮಾತಾಯಿತು. ನಮ್ಮೂರಿನ ಆ ಒಂದು ಪ್ರವಾಹಕ್ಕೆ ಕಾರಣ ಯಾರು? 2003ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಮೈಲ್ಸ್ ಆಲೆನ್ ಅವರ ಅಡುಗೆಮನೆ ಬಾಗಿಲಿನಿಂದ 30 ಸೆಂಟಿಮೀಟರ್ ದೂರದವರೆಗೆ ಥೇಮ್ಸ್ ನದಿಯ ನೀರು ಬಂದಿತ್ತು. ಅಲ್ಲೇ ಕೂತು ಅವರು ಈ ಪ್ರಶ್ನೆಯನ್ನು ಬರೆದರು. ಆಗ ಅದಕ್ಕೆ ಉತ್ತರವೇ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಮುಂದಿನ ವರ್ಷವೇ ಮೊದಲ ಉತ್ತರ ಬಂತು: 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಬಂದಂಥ ಸೆಕೆಯ ಸಾಧ್ಯತೆಯನ್ನು ಮನುಷ್ಯ ಕಡೇಪಕ್ಷ ಎರಡು ಪಟ್ಟು ಮಾಡಿದ್ದಾನೆ.

ಉತ್ತರ ಇರುವ ರೀತಿ ಗಮನಿಸಿ. "ಮಾಡಿದ್ದಾನೆ" ಅಂತಲೂ ಇಲ್ಲ, "ಮಾಡಿಲ್ಲ" ಅಂತಲೂ ಇಲ್ಲ. "ಸಾಧ್ಯತೆ ಇಷ್ಟು ಪಟ್ಟು" ಅಂತ ಇದೆ. ಚೌಕಾಬಾರ ಆಡುವಾಗ ಯಾರೋ ಹುಣಸೆಬೀಜದ ಒಂದು ಬದಿ ಜಾಸ್ತಿ ಉಜ್ಜಿ ತೂಕ ತಪ್ಪಿಸಿದ್ದಾರೆ ಅಂದುಕೊಳ್ಳಿ. ಒಂದು ಸಲ ನಾಲ್ಕೂ ಬಿಳಿ ಬಿದ್ದದ್ದು ಅದರಿಂದಲೇ ಅಂತ ಹೇಳಲಾಗದು. ಸರಿ ಇರುವ ಬೀಜವನ್ನು ಸಾವಿರ ಸಲ, ಉಜ್ಜಿದ ಬೀಜವನ್ನು ಸಾವಿರ ಸಲ ಹಾಕಿ ನೋಡಿದರೆ ವ್ಯತ್ಯಾಸ ಎಷ್ಟು ಅಂತ ಹೇಳಬಹುದು. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಅನ್ನುವ ತಂಡ ಮಾಡುವುದು ಇದನ್ನೇ. ಹಳೆ ದಾಖಲೆಗಳನ್ನೂ, ಹಂತ 6ರ ಎರಡು ಥರದ ಮಾದರಿಗಳನ್ನೂ ಬಳಸಿ ಎಣಿಸುತ್ತಾರೆ.

2022ರ ಮಾರ್ಚ್ ನೆನಪಿದೆಯಾ? 1901ರಿಂದ ಈಚೆಗೆ ಭಾರತದ ಅತಿ ಬಿಸಿ ಮಾರ್ಚ್ ಅದು. ಗೋಧಿ ಒಣಗಿತು, ಮೇ ತಿಂಗಳಲ್ಲಿ ಗೋಧಿ ರಫ್ತು ನಿಂತಿತು. ಭಾರತ, ಪಾಕಿಸ್ತಾನಗಳ ಆ ಸೆಕೆಯ ಸಾಧ್ಯತೆ ಸುಮಾರು 30 ಪಟ್ಟು ಹೆಚ್ಚಾಗಿತ್ತು ಅಂತ ಈ ತಂಡ ಹೇಳಿತು. 2024ರ ಜುಲೈ 30ರಂದು ನಮ್ಮ ಕೊಡಗು, ಚಾಮರಾಜನಗರಗಳ ಪಕ್ಕದ ವಯನಾಡಿನಲ್ಲಿ ಗುಡ್ಡ ಜಾರಿತು. ಹವಾಮಾನ ಬದಲಾವಣೆಯಿಂದ ಆ ಮಳೆ ಸುಮಾರು ಶೇ. 10ರಷ್ಟು ಹೆಚ್ಚು ಬಿರುಸಾಗಿತ್ತು ಅಂತ ಈ ತಂಡದ ಅಂದಾಜು. ಅಷ್ಟು ಸಣ್ಣ ಗುಡ್ಡಗಾಡಿನಲ್ಲಿ ಮಾದರಿಗಳು ಅಷ್ಟೇನೂ ನಿಖರವಲ್ಲ ಅಂತಲೂ ಅವರೇ ಹೇಳಿದರು.

ಚಿಕ್ಕಪ್ಪನಿಗೆ ತುಂಬಾ ಹಿಡಿಸಿದ್ದು ಚೆನ್ನೈ ಕಥೆ. 2015ರ ಡಿಸೆಂಬರ್ ಮಳೆಗೆ ಚೆನ್ನೈ ಮುಳುಗಿತು. ಎಲ್ಲರ ಬಾಯಲ್ಲೂ ಹವಾಮಾನ ಬದಲಾವಣೆ. ಇದೇ ಥರ ಲೆಕ್ಕ ಹಾಕಿದಾಗ ಆ ಮಳೆಯಲ್ಲಿ ಮನುಷ್ಯನ ಗುರುತು ಸಿಗಲಿಲ್ಲ. ಬಂಗಾಳಕೊಲ್ಲಿಯ ಆ ಭಾಗ ಅಷ್ಟು ಬಿಸಿಯಾಗಿರಲಿಲ್ಲ, ಹೊಗೆಯ ಕಣಗಳು ಅದನ್ನು ತಡೆದಿರಬಹುದು ಅಂತ ಬರೆದರು. "ಅಂದ್ರೆ ಇವರು ಇಲ್ಲ ಅಂತಾನೂ ಹೇಳ್ತಾರಾ?" ಅಂತ ಚಿಕ್ಕಪ್ಪ ಕನ್ನಡಕ ತೆಗೆದು ಕೇಳಿದರು. ಹೇಳುತ್ತಾರೆ.

ಹಂತ 8: ಪೇಪರ್ ಓದುವಾಗ

ಮುಂದಿನ ಸಲ ಇಂಥ ಸುದ್ದಿ ಬಂದರೆ ಮೂರು ವಿಷಯ ಹುಡುಕಿ. ಸೆಕೆಯೋ, ಮಳೆಯೋ, ಬರವೋ? ಸೆಕೆಯ ಬಗ್ಗೆ ಹೇಳುವುದು ಗಟ್ಟಿ, ಮಳೆಯ ಬಗ್ಗೆ ಅದಕ್ಕಿಂತ ಕಮ್ಮಿ, ಬರದ ಬಗ್ಗೆ ಇನ್ನೂ ಕಮ್ಮಿ. ಎಷ್ಟು ಪಟ್ಟು ಸಾಧ್ಯತೆ ಅಂತ ಇದೆಯೋ, ಎಷ್ಟು ಬಿರುಸು ಅಂತ ಇದೆಯೋ? ಎರಡೂ ಬೇರೆ. ಕೊನೆಗೆ, ಮಳೆ ಸುರಿದದ್ದರ ಕಾರಣ ಹೇಳುತ್ತಿದ್ದಾರೋ, ಮನೆ ಮುಳುಗಿದ್ದರ ಕಾರಣವೋ? ರಾಜಕಾಲುವೆ ಮುಚ್ಚಿದ್ದಕ್ಕೆ ಮನೆ ಮುಳುಗಿದರೆ ಹವಾಮಾನ ಬದಲಾವಣೆಯ ಹೆಸರು ಹೇಳಿ ಜಾರಿಕೊಳ್ಳಲು ಬಿಡಬೇಡಿ.

ಚಿಕ್ಕಪ್ಪನ ಡೈರಿಗಳಿಂದ ಇದನ್ನೆಲ್ಲಾ ಮಾಡಬಹುದೇ? ಪೂರ್ತಿ ಆಗದು. ಒಂದೇ ತೋಟದ ಮಳೆ ವರ್ಷದಿಂದ ವರ್ಷಕ್ಕೆ ವಿಪರೀತ ಏರಿಳಿಯುತ್ತದೆ. ಕಾರಣ ಹಚ್ಚಲು ಸುತ್ತಮುತ್ತಲಿನ ಹತ್ತಾರು ದಾಖಲೆ ಬೇಕು. ಆದರೆ ಹವಾಮಾನದ ಸರಾಸರಿಗೆ ಮೂವತ್ತು ವರ್ಷ ಬೇಕು ಅನ್ನುತ್ತಾರೆ. ಅದಂತೂ ಅವರ ಹತ್ತಿರ ಇದೆ. ಮೊದಲ ಹದಿನೈದು ವರ್ಷದ, ಕೊನೆಯ ಹದಿನೈದು ವರ್ಷದ ಹೂಮಳೆಯ ತಾರೀಖುಗಳನ್ನು ಪಕ್ಕಪಕ್ಕ ಬರೆಯಲು ಶುರು ಮಾಡಿದ್ದೇವೆ.

ಈ ಸಲ ಹೋದಾಗ ಒಂದು ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಕೊಂಡೊಯ್ದೆ. ವಾರ ಬಿಟ್ಟು ಫೋನ್ ಮಾಡಿದರು. "ನಲವತ್ತೊಂದು ತೋರಿಸ್ತಿದೆ ಕಣೋ!" ಎಲ್ಲಿ ನೇತು ಹಾಕಿದ್ದೀರಿ ಅಂದೆ. ಕಾಫಿ ಒಣಗಿಸುವ ಕಣದ ಗೋಡೆಗೆ. ಸಿಮೆಂಟಿನ ಕಣ, ಪಡುವಣ ಬಿಸಿಲು. ಈಗ ಅದು ಕಣದಿಂದ ದೂರ, ಬಿಸಿಲು ತಾಗದ ಗಾಳಿಯಾಡುವ ಜಾಗದಲ್ಲಿ, ನೆಲದಿಂದ ಐದಡಿ ಎತ್ತರದಲ್ಲಿದೆ. ಡೈರಿಯಲ್ಲಿ ಆ ಒಂದು ವಾರದ ಅಂಕಿಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಕಣದ ಬಿಸಿ" ಅಂತ ಬರೆದಿಟ್ಟಿದ್ದಾರೆ.